ಮಗನಿಗೆ ಮೊಬೈಲ್ ಆಟ ಬೇಡವೆನ್ನುವ ನಾನು ಗೇಮ್ ಬಾಯ್ ಕೊಳ್ಳಬಹುದೇ?

ಪ್ರಶ್ನೆ: ನನಗೆ 39 ವರ್ಷ, ಹಾಸನದಲ್ಲಿ ಕಾಲೇಜು ಉಪನ್ಯಾಸಕಿ. ಚಿಕ್ಕಂದಿನಲ್ಲಿ ಮಸ್ಕತ್‌ನಲ್ಲಿದ್ದ ಸೋದರಮಾವ ಅಣ್ಣನಿಗೆಂದು ಗೇಮ್ ಬಾಯ್ (ಕೈಯಲ್ಲಿ ಹಿಡಿದು ವಿಡಿಯೋ ಗೇಮ್ ಆಡುವ ಪುಟ್ಟ ಸಾಧನ) ತಂದುಕೊಟ್ಟಿದ್ದರು. ಅಣ್ಣನಿಗೆ ಬೇಸರ ಬಂದಾಗ ಮಾತ್ರ ಅದು ನನ್ನ ಕೈಗೆ ಸಿಗುತ್ತಿತ್ತು; ಆಗಲೂ ಅಜ್ಜಿ ‘ಹೆಣ್ಣುಮಕ್ಕಳಿಗೆ ಯಾಕೆ ಅದೆಲ್ಲ’ ಎಂದು ಎತ್ತಿಡುತ್ತಿದ್ದರು. ಅದರಲ್ಲಿ ಮತ್ತೆ ಟೆಟ್ರಿಸ್ (ಮೇಲಿಂದ ಬೀಳುವ ತುಣುಕುಗಳನ್ನು ಜೋಡಿಸಿ ಸಾಲುಗಳನ್ನು ಅಳಿಸುವ ಆಟ) ಆಡಬೇಕೆಂಬ ಆಸೆ ಈಗ ಹುಟ್ಟಿದೆ. ಆನ್‌ಲೈನ್‌ನಲ್ಲಿ ಹಳೆಯ ಗೇಮ್ ಬಾಯ್ 9,000 ರೂಪಾಯಿಗೂ, ಸಾವಿರಾರು ಹಳೆಯ ಆಟಗಳನ್ನು ತುಂಬಿಸಿದ ಹೊಸ ಸಾಧನವೊಂದು 5,000 ರೂಪಾಯಿಗೂ ಕಂಡಿವೆ. ಮನೆ ಸಾಲದ ಕಂತು ನಡೆಯುತ್ತಿದೆ. ಹತ್ತು ವರ್ಷದ ಮಗನಿಗೆ ಮೊಬೈಲ್ ಆಟ ಬೇಡವೆಂದು ದಿನವೂ ಗದರುತ್ತೇನೆ. ಪತಿ, ಮಗ ಎಲ್ಲರೂ ಮಲಗಿದ ಮೇಲೆ ಅರ್ಧ ಗಂಟೆ ಆಡಿ ಬೀರುವಿನಲ್ಲಿಟ್ಟುಬಿಟ್ಟರೆ ಯಾರಿಗೂ ತಿಳಿಯದು ಎಂದೂ ಅನ್ನಿಸಿದೆ. ಕೊಳ್ಳಲೇ, ಬಿಡಲೇ?

ಉತ್ತರ: ಕೊಳ್ಳಿ. ಆದರೆ ನೀವು ನೋಡಿಟ್ಟಿರುವ ಎರಡೂ ಬೇಡ, ಬೀರುವಿನ ಆಲೋಚನೆಯಂತೂ ಬೇಡವೇ ಬೇಡ.

ಮೊದಲು ಬೀರುವಿನ ಮಾತು. ನಿಮ್ಮ ಪತ್ರದಲ್ಲಿ ಪತಿ ವಿರೋಧಿಸಿದರೆಂಬ ಒಂದು ಸಾಲೂ ಇಲ್ಲ. ಅವರು ಏನನ್ನಬಹುದೆಂದು ನೀವೇ ಊಹಿಸಿಕೊಂಡು, ಅಜ್ಜಿ ಅಂದು ಮಾಡುತ್ತಿದ್ದ ಕೆಲಸವನ್ನು ಇಂದು ನೀವೇ ನಿಮಗೆ ಮಾಡಿಕೊಳ್ಳಲು ಹೊರಟಿದ್ದೀರಿ. ಗಂಡಸು ಕ್ಯಾಮೆರಾ ಕೊಂಡರೆ ಹವ್ಯಾಸವೆಂದೂ ಹೆಂಗಸು ಆಟದ ಸಾಮಾನು ಕೊಂಡರೆ ದುಂದುವೆಚ್ಚವೆಂದೂ ಕರೆಯುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆಯಾದರೂ, ನಿಮ್ಮದು ಅಂಥ ಮನೆಯೇ ಎಂಬುದು ಕೇಳದೆ ಗೊತ್ತಾಗುವುದಿಲ್ಲ. ಎಷ್ಟು ಹಣ, ಯಾವ ತಿಂಗಳು ಎಂಬುದನ್ನು ಪತಿಗೆ ನೇರವಾಗಿ ತಿಳಿಸಿ. ತಿಳಿಸುವುದು ಬೇರೆ, ಅನುಮತಿ ಬೇಡುವುದು ಬೇರೆ. ಕಂತಿಗೋ ಶಾಲೆಯ ಶುಲ್ಕಕ್ಕೋ ತೊಡಕಾಗುವ ತಿಂಗಳಾಗಿದ್ದರೆ ಮುಂದೂಡಿ.

ಇನ್ನು ವಸ್ತುವಿನ ವಿಷಯ. ಜಪಾನಿನ ನಿಂಟೆಂಡೊ ಕಂಪನಿ 1989ರಲ್ಲಿ ಹೊರತಂದ ಮೊದಲ ಗೇಮ್ ಬಾಯ್‌ನ ಪರದೆಗೆ ಸ್ವಂತ ಬೆಳಕಿಲ್ಲ. ನಾಲ್ಕು ಸೆಲ್‌ಗಳಲ್ಲಿ ಹತ್ತು ಗಂಟೆಗೂ ಹೆಚ್ಚು ಕಾಲ ನಡೆಯಲೆಂದು ಕಂಪನಿಯ ಎಂಜಿನಿಯರ್ ಗುನ್ಪೆ ಯೊಕೊಯಿ ಅವರ ತಂಡ ಬಣ್ಣವನ್ನೂ ಬೆಳಕನ್ನೂ ಬಿಟ್ಟು, ಹಸಿರು ಮಿಶ್ರಿತ ನಾಲ್ಕೇ ಛಾಯೆಗಳಿಗೆ ಒಪ್ಪಿಕೊಂಡಿತ್ತು. ಮರುವರ್ಷ ಬಂದ ಸೆಗಾ ಕಂಪನಿಯ ಗೇಮ್ ಗಿಯರ್ ಬೆಳಗುವ ಬಣ್ಣದ ಪರದೆಯನ್ನಿಟ್ಟುಕೊಂಡು ಆರು ಸೆಲ್‌ಗಳನ್ನು ಕೆಲವೇ ಗಂಟೆಗಳಲ್ಲಿ ಮುಗಿಸುತ್ತಿತ್ತು. ನಿಂಟೆಂಡೊದ್ದು ಜಾಣ ನಿರ್ಧಾರವೇನೋ ಹೌದು, ಆದರೆ ಎಲ್ಲರೂ ಮಲಗಿದ ಮೇಲೆ ಆಡುವವರಿಗೆ ಅದರಿಂದ ಉಪಯೋಗವಿಲ್ಲ. ಕೋಣೆಯ ದೀಪ ಹಾಕದ ಹೊರತು ನಿಮಗೆ ಏನೂ ಕಾಣುವುದಿಲ್ಲ. 2003ರ ಗೇಮ್ ಬಾಯ್ ಅಡ್ವಾನ್ಸ್ ಎಸ್‌ಪಿ ನಿಮಗೆ ಸರಿಹೊಂದುತ್ತದೆ. ಅದು ಮಡಚಿಕೊಳ್ಳುತ್ತದೆ, ಚಾರ್ಜ್ ಆಗುತ್ತದೆ, ಪರದೆಗೆ ಬೆಳಕಿದೆ, ಹಳೆಯ ಗೇಮ್ ಬಾಯ್‌ನ ಆಟದ ಕ್ಯಾಸೆಟ್‌ಗಳನ್ನೂ ಓದುತ್ತದೆ. ಹಲವು ಹಳೆಯ ಕ್ಯಾಸೆಟ್‌ಗಳೊಳಗೆ ಆಟದ ಪ್ರಗತಿಯನ್ನು ಉಳಿಸಿಡುವ ಗುಂಡಿ ಸೆಲ್ ಇರುತ್ತದೆ, ಅದು ಸತ್ತರೆ ಉಳಿಸಿದ್ದೆಲ್ಲ ಅಳಿಸಿಹೋಗುತ್ತದೆ. ಟೆಟ್ರಿಸ್‌ಗೆ ಆ ಚಿಂತೆಯಿಲ್ಲ, ಅದು ಮೊದಲಿನಿಂದಲೂ ಏನನ್ನೂ ಉಳಿಸಿಕೊಳ್ಳುವ ಆಟವಲ್ಲ. ನಿಮ್ಮ ಅಣ್ಣನ ದಾಖಲೆಗಳೂ ಸ್ವಿಚ್ ಆರಿಸಿದಾಗಲೇ ಹೋಗಿರುತ್ತವೆ!

5,000 ರೂಪಾಯಿಯ ಸಾಧನದಲ್ಲಿ ತುಂಬಿಸಿರುವ ಆಟಗಳನ್ನು ಸಾಮಾನ್ಯವಾಗಿ ಹಕ್ಕುದಾರರ ಒಪ್ಪಿಗೆಯಿಲ್ಲದೆ ನಕಲು ಮಾಡಿರುತ್ತಾರೆ. ಅದನ್ನು ಬದಿಗಿಟ್ಟರೂ, ಒಂದೇ ಆಟ ಬೇಕಿರುವವರಿಗೆ ಸಾವಿರ ಆಟಗಳ ಪಟ್ಟಿ ಏಕೆ? ಒಂದು ಪರೀಕ್ಷೆ ಮಾಡಿ ನೋಡಿ: ಟೆಟ್ರಿಸ್ ಮೊಬೈಲಿನಲ್ಲೂ ಸಿಗುತ್ತದೆ, ಕೆಲವು ದಿನ ಅದರಲ್ಲೇ ಆಡಿ. ಆಸೆ ಅಲ್ಲಿಗೇ ತೀರಿದರೆ ಹಣ ಉಳಿಯಿತು. ಬೆರಳುಗಳು ಗುಂಡಿಗಳನ್ನು ಹುಡುಕುತ್ತಿದ್ದರೆ ನಿಮಗೆ ಬೇಕಿರುವುದು ಆ ವಸ್ತುವೇ ಎಂದು ತಿಳಿಯುತ್ತದೆ.

ಮಗನೆದುರು ಯಾವ ಮುಖವಿಟ್ಟುಕೊಳ್ಳುವುದು ಎಂಬುದೇ ನಿಮ್ಮ ನಿಜವಾದ ಅಳುಕು ಎಂದು ನನಗೆ ತೋರುತ್ತದೆ. ಕ್ಯಾಸೆಟ್ಟಿನ ಆಟದಲ್ಲಿ ಜಾಹೀರಾತಿಲ್ಲ, ಹಣ ಕೇಳುವ ಕಿಟಕಿಗಳಿಲ್ಲ, ನಾಳೆಯೂ ಬಾ ಎಂದು ಕರೆಯುವ ಸೂಚನೆಗಳಿಲ್ಲ ಎಂಬುದು ದಿಟ. ಹಾಗೆಂದು ಇದು ಒಳ್ಳೆಯ ಆಟ, ಅವನದು ಕೆಟ್ಟ ಆಟ ಎಂದು ಅವನಿಗೆ ಉಪದೇಶಿಸಬೇಡಿ. ಟೆಟ್ರಿಸ್ ಕೂಡ ಮನುಷ್ಯರನ್ನು ಗಂಟೆಗಟ್ಟಲೆ ಹಿಡಿದಿಟ್ಟುಕೊಳ್ಳಬಲ್ಲದು. ಆ ಕ್ಯಾಸೆಟ್ಟಿನಲ್ಲಿ ‘ಬಿ’ ಮಾದರಿಯ ಆಟವೊಂದಿದೆ, 25 ಸಾಲುಗಳನ್ನು ಅಳಿಸಿದರೆ ಅದು ಮುಗಿಯುತ್ತದೆ. ಅದನ್ನೇ ಸರದಿಯ ಅಳತೆಯಾಗಿಟ್ಟುಕೊಂಡು, ಊಟವಾದ ಮೇಲೆ ಹಜಾರದಲ್ಲಿ ಅವನೊಂದು ಸಲ, ನೀವೊಂದು ಸಲ ಆಡಿ. ನಿಯಮ ಇಬ್ಬರಿಗೂ ಒಂದೇ ಆಗಿರಲಿ. ಮಗನ ಜೊತೆ ಹಂಚಿಕೊಳ್ಳಲು ಮನಸ್ಸಿಲ್ಲದ ದಿನ, ಇದು ಅಮ್ಮನದು ಎಂದು ಹೇಳುವ ಹಕ್ಕೂ ನಿಮಗಿದೆ.

ಒಂದು ಪ್ರಶ್ನೆಯನ್ನು ನೀವು ಕೇಳಿಯೇ ಇಲ್ಲ: ಅಣ್ಣನ ಆ ಗೇಮ್ ಬಾಯ್ ಎಲ್ಲಿ ಹೋಯಿತು? ತವರಿನ ಅಟ್ಟದಲ್ಲೋ ಅವರ ಮನೆಯ ಪೆಟ್ಟಿಗೆಯಲ್ಲೋ ಬಿದ್ದಿರುವ ಸಾಧ್ಯತೆಯಿದೆ. ಫೋನ್ ಮಾಡಿ ಕೇಳಿ; ಅದು ಸಿಗದಿದ್ದರೂ, ಅಂದು ನಿಮಗೆ ಹೇಗನ್ನಿಸುತ್ತಿತ್ತು ಎಂಬುದನ್ನು ಅಣ್ಣನಿಗೆ ಹೇಳಲು ಇದೊಂದು ನೆಪವಾಗುತ್ತದೆ. ಅದು ಸಿಕ್ಕಿ, ಒಳಗೆ ಸೆಲ್‌ಗಳು ಸೋರಿ ಲೋಹದ ಪಟ್ಟಿಗಳು ಕಿಲುಬು ಹಿಡಿದಿದ್ದರೆ, ಎಲೆಕ್ಟ್ರಾನಿಕ್ಸ್ ರಿಪೇರಿಯವರಿಗೆ ಒಮ್ಮೆ ತೋರಿಸಿ, ಸರಿಹೋದರೂ ಹೋಗಬಹುದು.

ಹೊರಗಿನಿಂದ ಎಸ್‌ಪಿ ಕೊಳ್ಳುವುದೇ ಆದರೆ, ಕ್ಯಾಸೆಟ್ ಹಾಕಿ ಆನ್ ಮಾಡಿ ಎಲ್ಲ ಗುಂಡಿಗಳನ್ನೂ ಒತ್ತಿ ತೋರಿಸುವ ವಿಡಿಯೋವನ್ನೂ, ಬೆನ್ನಿನ ಚೀಟಿಯ ಚಿತ್ರವನ್ನೂ ಮಾರುವವರಿಂದ ಮೊದಲೇ ಕೇಳಿ. ಚೀಟಿಯಲ್ಲಿ ಎಜಿಎಸ್-101 ಎಂದಿದ್ದರೆ ಅದು ಹೆಚ್ಚು ಪ್ರಕಾಶದ ಪರದೆಯ, ನಂತರದ ಮಾದರಿ, ಬೆಲೆಯೂ ಹೆಚ್ಚಿರುತ್ತದೆ. ಬ್ಯಾಟರಿ ಉಬ್ಬಿದ್ದರೆ ಬದಲಾಯಿಸದೆ ಚಾರ್ಜ್‌ಗೆ ಹಾಕಬೇಡಿ. ವಿಡಿಯೋ ಕಳುಹಿಸಲು ನೆಪ ಹೇಳುವವರ ಹತ್ತಿರ ವ್ಯವಹಾರ ಮುಂದುವರಿಸಬೇಡಿ.