ಓಟದ ನಡುವೆ ನಡೆಯುವವರನ್ನು ಓಟಗಾರರೆನ್ನಬಹುದೇ?

ಸುಮಾರು 21 ಕಿಲೋಮೀಟರಿನ ಹಾಫ್ ಮ್ಯಾರಥಾನನ್ನು ನಡುನಡುವೆ ನಡೆದು, ಸುಮಾರು ಮೂರು ಗಂಟೆಯಲ್ಲಿ ಮುಗಿಸುವ ತಮ್ಮನ್ನು ಓಟಗಾರರೆನ್ನಬಹುದೇ, ಗೆಳೆಯರು ನಗುವುದು ಸರಿಯೇ ಎಂದು ತಾವು ಕೇಳಿದ್ದೀರಿ. ಧಾರಾಳವಾಗಿ ಎನ್ನಬಹುದು. ಹಾಗೆಂದು ಕೊನೆ ಮುಟ್ಟಿದ್ದಕ್ಕೆ ಕೊಡುವ ಪದಕ ಪಡೆದವರೆಲ್ಲರೂ ಓಟಗಾರರೇ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಮೊದಲು ನಿಯಮವನ್ನು ನೋಡೋಣ. ನಡಿಗೆ ಸ್ಪರ್ಧೆಯಲ್ಲಿ ಒಂದು ಪಾದವಾದರೂ ಸದಾ ನೆಲಕ್ಕೆ ತಾಗಿರಬೇಕು. ಎರಡೂ ಪಾದಗಳು ನೆಲ ಬಿಟ್ಟದ್ದು ತೀರ್ಪುಗಾರರ ಕಣ್ಣಿಗೆ ಮತ್ತೆ ಮತ್ತೆ ಬಿದ್ದರೆ ಸ್ಪರ್ಧಿ ಅನರ್ಹನಾಗುತ್ತಾನೆ. ರಸ್ತೆ ಓಟದಲ್ಲಿ ಇದಕ್ಕೆ ಪ್ರತಿಯಾದ ನಿಯಮವಿಲ್ಲ, ನಡೆದನೆಂಬ ಕಾರಣಕ್ಕೆ ಅಲ್ಲಿ ಯಾರನ್ನೂ ಹೊರಗಿಡುವುದಿಲ್ಲ. ಇಷ್ಟಕ್ಕೂ ಓಟದ ನಡುವೆ ನಡೆಯುವ ಕ್ರಮವನ್ನು ಜನಪ್ರಿಯಗೊಳಿಸಿದ ಜೆಫ್ ಗ್ಯಾಲೋವೇ, 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದ್ದ ಅಮೆರಿಕದ ಓಟಗಾರ. ಅವರ ಕ್ರಮದಲ್ಲಿ ಕಾಲು ಸೋತ ಮೇಲೆ ನಡೆಯುವುದಲ್ಲ, ಸೋಲುವ ಮೊದಲೇ, ಆರಂಭದ ಕಿಲೋಮೀಟರುಗಳಿಂದಲೇ ಲೆಕ್ಕ ಹಾಕಿ ಸ್ವಲ್ಪ ಸ್ವಲ್ಪ ನಡೆಯುವುದು. ಹೀಗೆ ಮಾಡಿದರೆ ಕೊನೆಯ ಭಾಗಕ್ಕೂ ಶಕ್ತಿ ಉಳಿಯುತ್ತದೆ.

ಇನ್ನು ಸಮಯ. 2023ರಲ್ಲಿ ಷಿಕಾಗೊದಲ್ಲಿ ಕೆನ್ಯಾದ ಕೆಲ್ವಿನ್ ಕಿಪ್ಟುಮ್ 42.195 ಕಿಲೋಮೀಟರಿನ ಪೂರ್ಣ ಮ್ಯಾರಥಾನನ್ನು 2 ಗಂಟೆ 35 ಸೆಕೆಂಡುಗಳಲ್ಲಿ ಓಡಿದರು. ನಮ್ಮ ಶಿವನಾಥ್ ಸಿಂಗ್ 1978ರಲ್ಲಿ ಜಲಂಧರ್‌ನಲ್ಲಿ 2 ಗಂಟೆ 12 ನಿಮಿಷಗಳಲ್ಲಿ ಓಡಿ ಸ್ಥಾಪಿಸಿದ ರಾಷ್ಟ್ರೀಯ ದಾಖಲೆ ದಶಕಗಳ ಕಾಲ ಉಳಿಯಿತು. ಗಡಿಯಾರವನ್ನೇ ಪ್ರಮಾಣವಾಗಿಟ್ಟುಕೊಂಡರೆ, ಹಾಫ್ ಮ್ಯಾರಥಾನ್ ಒಂದಕ್ಕೇ ಎರಡು ಗಂಟೆ ತೆಗೆದುಕೊಳ್ಳುವ ತಮ್ಮ ಗೆಳೆಯರೂ ಓಟಗಾರರಾಗಿ ಉಳಿಯುವುದಿಲ್ಲ, ನಾನಂತೂ ಉಳಿಯುವುದೇ ಇಲ್ಲ.

ನಾನು ನೋಡುವುದು ಅಭ್ಯಾಸವನ್ನು. ಮೈಸೂರಿನಲ್ಲಿ ಮುಂಜಾನೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಏದುಸಿರು ಬಿಡುತ್ತ ನಿಧಾನವಾಗಿ ಓಡುವವರಲ್ಲಿ ಕೆಲವರು ಭಾನುವಾರ ಚಾಮುಂಡಿ ಬೆಟ್ಟದ ರಸ್ತೆಯಲ್ಲೂ ಕಾಣಿಸುತ್ತಾರೆ. ಮಳೆಯೆಂದೋ ನಿದ್ದೆಯೆಂದೋ ತಪ್ಪಿಸಿಕೊಳ್ಳದೆ, ಬರಲಿರುವ ಓಟಕ್ಕಾಗಿ ತಿಂಗಳುಗಟ್ಟಲೆ ಮೈಯನ್ನು ಹದಗೊಳಿಸುವ ಇವರು ಎಷ್ಟೇ ನಿಧಾನವಾಗಿದ್ದರೂ ಓಟಗಾರರೇ. ಯಾವ ತಯಾರಿಯೂ ಇಲ್ಲದೆ ಹೆಸರು ನೋಂದಾಯಿಸಿ, ಮೊದಲಿನಿಂದ ಕೊನೆಯವರೆಗೆ ಹರಟುತ್ತ ನಡೆದು ಬರುವವರು ಒಳ್ಳೆಯ ನಡಿಗೆದಾರರು; ಅದರಲ್ಲಿ ಅವಮಾನವೇನೂ ಇಲ್ಲ, ಆದರೆ ಅವರು ಓಡಲಿಲ್ಲ.

ಇವರಿಗಿಂತ ನನಗೆ ಸಹನೆ ಕಡಿಮೆಯಿರುವುದು ಅಡ್ಡದಾರಿ ಹಿಡಿಯುವವರ ಬಗ್ಗೆ. 1980ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಮಹಿಳೆಯರ ಪೈಕಿ ಮೊದಲಿಗಳೆಂದು ಘೋಷಿತಳಾದ ರೋಸಿ ರೂಯಿಸ್ ಪೂರ್ತಿ ದೂರವನ್ನು ಓಡಿಯೇ ಇರಲಿಲ್ಲವೆಂದು ತೀರ್ಮಾನವಾಗಿ, ಕೆಲವೇ ದಿನಗಳಲ್ಲಿ ಆ ಗೆಲುವು ಜಾಕ್ಲಿನ್ ಗರೋ ಅವರಿಗೆ ಸಂದಿತು. ತಿರುವಿನಲ್ಲಿ ದಾರಿ ಕತ್ತರಿಸುವವರೂ, ಇನ್ನೊಬ್ಬರ ಬಿಬ್ (ಎದೆಯ ಮೇಲಿನ ಸಂಖ್ಯೆಯ ಚೀಟಿ) ಧರಿಸಿ ಅವರ ಹೆಸರಿಗೆ ಒಳ್ಳೆಯ ಸಮಯ ಗಳಿಸಿಕೊಡುವವರೂ ಎಷ್ಟೇ ವೇಗಿಗಳಾಗಿರಲಿ, ನನ್ನ ಪಟ್ಟಿಯಲ್ಲಿ ಇಲ್ಲ.

ಗೆಳೆಯರು ನಗಲಿ ಬಿಡಿ. ತಾವು ಮಾಡಬೇಕಾದದ್ದು ಎರಡೇ: ಅರ್ಜಿಯಲ್ಲಿ ಸಮಯವನ್ನು ಇದ್ದಂತೆಯೇ ಬರೆದು ಅದಕ್ಕೆ ತಕ್ಕ ಗುಂಪಿನಲ್ಲಿ ನಿಲ್ಲಿರಿ, ನಡೆಯತೊಡಗುವ ಮೊದಲು ಹಿಂದಿನವರಿಗೆ ಕಾಣುವಂತೆ ಕೈಯೆತ್ತಿ, ರಸ್ತೆಯ ಅಂಚಿಗೆ ಸರಿದುಕೊಳ್ಳಿ.