ದಿನವೂ ದಣಿಯುವಷ್ಟು ಓಡಿದರೂ 100 ಮೀಟರ್ ಟೈಮಿಂಗ್ ಯಾಕೆ ಇಳಿಯುತ್ತಿಲ್ಲ?

ಸಿರುಗುಪ್ಪದಿಂದ ಬಂದು ಬಳ್ಳಾರಿಯಲ್ಲಿ ಪದವಿ ಓದುತ್ತಿರುವ ನೀವು ಕೇಳಿದ್ದು ಇಷ್ಟು: 100 ಮತ್ತು 200 ಮೀಟರ್ ನಿಮ್ಮ ಸ್ಪರ್ಧೆಗಳು, ಅಂತರ ಕಾಲೇಜು ಕ್ರೀಡಾಕೂಟಕ್ಕೆ ಎಂಟು ವಾರ ಉಳಿದಿದೆ, ವಾರಕ್ಕೆ ಆರು ದಿನ ಹತ್ತತ್ತು ಸಲ 100 ಮೀಟರ್ ಓಡುತ್ತೀರಿ, ಪ್ರತಿ ಓಟದ ನಡುವೆ ಎರಡು ನಿಮಿಷ ಬಿಡುತ್ತೀರಿ. ಆದರೂ ಸ್ಟಾಪ್‌ವಾಚ್ 11.6 ಬಿಟ್ಟು ಕದಲುತ್ತಿಲ್ಲ, ತೊಡೆಯ ಹಿಂಭಾಗ ಬೇರೆ ಹಿಡಿದುಕೊಳ್ಳುತ್ತಿದೆ.

ಆ ಎರಡು ನಿಮಿಷದಲ್ಲೇ ಉತ್ತರವಿದೆ. ನೀವು ಓಡುತ್ತಿರುವುದು ಕಡಿಮೆಯಲ್ಲ, ನಡುವೆ ನಿಲ್ಲುತ್ತಿರುವುದು ಕಡಿಮೆ. ಪೂರ್ತಿ ಜೋರಿನ ಓಟಕ್ಕೆ ಸ್ನಾಯುವಿನಲ್ಲಿ ಕೂಡಿಟ್ಟ ಕ್ರಿಯಾಟಿನ್ ಫಾಸ್ಫೇಟ್ ಎಂಬ ಇಂಧನ ಬೇಕು. ಕೆಲವೇ ಸೆಕೆಂಡುಗಳಲ್ಲಿ ಅದರ ಬಹುಪಾಲು ಖರ್ಚಾಗುತ್ತದೆ. ಅರ್ಧ ತುಂಬಲು ಅರ್ಧ ನಿಮಿಷ ಸಾಕು, ಹೆಚ್ಚುಕಡಿಮೆ ಪೂರ್ತಿ ತುಂಬಲು ಮೂರರಿಂದ ಐದು ನಿಮಿಷ ಹಿಡಿಯುತ್ತದೆ. ನರಗಳು ಮೊದಲಿನ ಚುರುಕಿಗೆ ಬರಲು ಇನ್ನೂ ಹೆಚ್ಚು ಹೊತ್ತು ಬೇಕು. ಎರಡು ನಿಮಿಷಕ್ಕೇ ಮತ್ತೆ ಹೊರಟರೆ ನಾಲ್ಕನೇ ಓಟದ ಹೊತ್ತಿಗೆ ನೀವು ನಿಮ್ಮ ವೇಗದ ಶೇ. 85–90ರಲ್ಲಿ ಓಡುತ್ತಿರುತ್ತೀರಿ. ವಾರದಲ್ಲಿ ಐವತ್ತು ಅರವತ್ತು ಸಲ ಹಾಗೆ ಓಡಿದರೆ ಕಾಲು ಕಲಿಯುವುದು ಆ ನಿಧಾನದ ಓಟವನ್ನೇ.

ಲೆಕ್ಕ ಸುಲಭ: ಪೂರ್ತಿ ಜೋರಿನಲ್ಲಿ ಓಡಿದ ಪ್ರತಿ 10 ಮೀಟರಿಗೆ ಒಂದು ನಿಮಿಷ ಬಿಡುವು. 30 ಮೀಟರಿಗೆ ಮೂರು ನಿಮಿಷ, 60ಕ್ಕೆ ಆರು, 150ಕ್ಕೆ ಹದಿನೈದು. ಗೆಳೆಯರು "ಏನಪ್ಪಾ, ಬರೀ ನಿಂತೇ ಇರ್ತೀಯಲ್ಲ" ಅಂದರೂ ನಿಲ್ಲಿ. ಕೂರಬೇಡಿ, ನೆರಳಲ್ಲಿ ಮೆಲ್ಲಗೆ ಓಡಾಡಿ.

ವಾರದಲ್ಲಿ ಜೋರಿನ ದಿನ ಮೂರೇ ಇರಲಿ, ಒಂದರಿಂದ ಇನ್ನೊಂದಕ್ಕೆ 48 ಗಂಟೆ ಅಂತರ ಬೇಕು. ಸೋಮವಾರ, ಓಟದ ಆರಂಭದಲ್ಲಿ ಕಾಲು ಒದೆಯಲು ಇಡುವ ಬ್ಲಾಕ್‌ನಿಂದ 30 ಮೀಟರ್, ಎಂಟು ಸಲ. ಬುಧವಾರ ಗರಿಷ್ಠ ವೇಗ: 30 ಮೀಟರ್ ವೇಗ ಕಟ್ಟಿಕೊಂಡು ಮುಂದಿನ 20 ಮೀಟರ್ ಪೂರ್ತಿ ಬಿಡುವುದು, ಐದು ಸಲ, ನಡುವೆ ಆರು ನಿಮಿಷ. ಕೋನ್ ಇಲ್ಲದಿದ್ದರೆ ನೀರಿನ ಬಾಟಲಿ ಇಟ್ಟುಕೊಳ್ಳಿ. ಶುಕ್ರವಾರ 120 ಮೀಟರ್ ಮೂರು ಸಲ, ಅಥವಾ 200ಕ್ಕೆ ಒತ್ತು ಕೊಡುವುದಾದರೆ 150 ಎರಡು ಸಲ. ಮಂಗಳವಾರ ಮತ್ತು ಶನಿವಾರ ಹುಲ್ಲಿನ ಮೇಲೆ ಶೇ. 65–70ರ ವೇಗದಲ್ಲಿ 100 ಮೀಟರ್, ಎಂಟರಿಂದ ಹತ್ತು ಸಲ, ನಡೆದುಕೊಂಡು ವಾಪಸ್. ಓಡುತ್ತಲೇ ಮಾತಾಡಲು ಆಗುವಷ್ಟು ಸಲೀಸಾಗಿರಬೇಕು. ಉಳಿದೆರಡು ದಿನ ವಿಶ್ರಾಂತಿ. ಭಾರ ಎತ್ತುವ ವ್ಯಾಯಾಮಗಳಾದ ಸ್ಕ್ವಾಟ್, ರೊಮೇನಿಯನ್ ಡೆಡ್‌ಲಿಫ್ಟ್ ಇದ್ದರೆ ಜೋರಿನ ದಿನವೇ, ಓಟ ಮುಗಿದ ಮೇಲೆ ಮಾಡಿ. ವಿಶ್ರಾಂತಿಯ ದಿನಕ್ಕೆ ಅದನ್ನು ಹಾಕಿದರೆ ಅದು ವಿಶ್ರಾಂತಿಯಾಗಿ ಉಳಿಯುವುದಿಲ್ಲ.

ಯಾವಾಗ ನಿಲ್ಲಿಸಬೇಕು ಅಂತ ನಿರ್ಧರಿಸಲು ಮೊಬೈಲಿನ ಸ್ಲೋಮೋಷನ್ ಸಾಕು. ನೆಲದಿಂದ ಕೈ ಎದ್ದ ಕ್ಷಣದಿಂದ 30 ಮೀಟರ್ ಗೆರೆಯನ್ನು ಎದೆ ದಾಟುವವರೆಗೆ ಎಣಿಸಿ. ಆ ದಿನದ ಉತ್ತಮ 4.30 ಆಗಿದ್ದು, ಮುಂದಿನದು 4.43 ದಾಟಿದರೆ, ಅಂದರೆ ಶೇ. 3ರಷ್ಟು ಬಿದ್ದರೆ, ಶೂ ಬಿಚ್ಚಿ. ಎಂಟರಲ್ಲಿ ಐದೇ ಮುಗಿದಿದ್ದರೂ ಅವತ್ತಿನ ಕೆಲಸ ಮುಗಿಯಿತು.

ಬ್ಲಾಕ್ ವಿಷಯಕ್ಕೆ ಬರೋಣ. ಆರಂಭದ ಗೆರೆಯಿಂದ ನಿಮ್ಮ ಪಾದದ ಅಳತೆಯಲ್ಲೇ ಎರಡು ಪಾದಕ್ಕೆ ಮುಂದಿನ ಪೆಡಲ್, ಮೂರು ಪಾದಕ್ಕೆ ಹಿಂದಿನದು. ಬಲವಿರುವ ಕಾಲು ಮುಂದೆ. ಮಣ್ಣಿನ ಟ್ರ್ಯಾಕಿನಲ್ಲಿ ಬ್ಲಾಕ್ ನಿಲ್ಲುವುದು ಮೊಳೆಯ ಮೇಲೆ. ಸುತ್ತಿಗೆಯಿಂದ ಹೊಡೆದಾದ ಮೇಲೆ ಹಿಮ್ಮಡಿಯಿಂದ ಜೋರಾಗಿ ಒದ್ದು ನೋಡಿ, ಕೂದಲೆಳೆಯಷ್ಟು ಕದಲಿದರೂ ಮತ್ತೆ ಹೊಡೆಯಿರಿ. ಹೆಬ್ಬೆರಳು ಮತ್ತು ಉಳಿದ ಬೆರಳುಗಳು ಗೆರೆಯ ಹಿಂದೆ ಕಮಾನಿನಂತೆ, ಕೈಗಳು ಭುಜಕ್ಕಿಂತ ತುಸು ಅಗಲ. 'ಸೆಟ್' ಅಂದಾಗ ಸೊಂಟ ಭುಜಕ್ಕಿಂತ ಸ್ವಲ್ಪವೇ ಮೇಲೆ, ಮುಂದಿನ ಮೊಣಕಾಲು ಸುಮಾರು 90 ಡಿಗ್ರಿ, ಹಿಂದಿನದು 120ರಿಂದ 130. ಬಹಳ ಜನ ಸೊಂಟವನ್ನು ಅತಿಯಾಗಿ ಎತ್ತುತ್ತಾರೆ. ಆಗ ಕಾಲು ಮೊದಲೇ ನೆಟ್ಟಗಾಗಿ ಒದೆಯಲು ಏನೂ ಉಳಿಯದೆ, ಮೊದಲ ಹೆಜ್ಜೆಯಲ್ಲೇ ಮುಗ್ಗರಿಸುತ್ತಾರೆ. ಇನ್ನೊಂದು ತಪ್ಪು, ಎರಡನೇ ಹೆಜ್ಜೆಗೇ ತಲೆ ಎತ್ತಿ ಗುರಿ ನೋಡುವುದು. ತಲೆ ಎದ್ದರೆ ಎದೆ ಏಳುತ್ತದೆ, ಒದೆತ ಮುಂದಕ್ಕೆ ಹೋಗದೆ ಮೇಲಕ್ಕೆ ಹೋಗುತ್ತದೆ. 200ಕ್ಕೆ ತಿರುವಿನಲ್ಲಿ ಬ್ಲಾಕನ್ನು ಲೇನಿನ ಹೊರ ಅಂಚಿಗೆ ಇಟ್ಟು, ಒಳಗೆರೆಯ ಕಡೆಗೆ ಮುಖ ಮಾಡಿಸಿ. ಮೊದಲ ಕೆಲವು ಮೀಟರ್ ನೇರ ಓಡಲು ಸಿಗುತ್ತದೆ.

ಶೂ ಅಡಿಯ ಮೊಳೆ, ಅಂದರೆ ಸ್ಪೈಕ್, ಸಿಂಥೆಟಿಕ್ ಟ್ರ್ಯಾಕಿಗೆ 6 ಅಥವಾ 7 ಮಿ.ಮೀ. ಸಾಕು, 9ಕ್ಕಿಂತ ಉದ್ದ ಬಿಡುವುದಿಲ್ಲ. ಮಣ್ಣಿಗೆ 12 ಬೇಕಾಗುತ್ತದೆ. ಎರಡೂ ಸೆಟ್ ಮತ್ತು ಕೀ ಚೀಲದಲ್ಲಿರಲಿ. ನಮ್ಮ ಕಡೆಯ ಎರೆ ನೆಲ ಮಳೆ ಬಂದರೆ ಸ್ಪೈಕಿಗೆ ಮುದ್ದೆ ಮುದ್ದೆಯಾಗಿ ಅಂಟುತ್ತದೆ, ಒಣಗಿದರೆ ಬಿರುಕು ಬಿಟ್ಟು ಪಾದ ಹೊರಳಿಸುತ್ತದೆ. ಅಲ್ಲಿ ಜೋರಿನ ಓಟ ಬೇಡವೇ ಬೇಡ. ಗರಸಿನ ಮೈದಾನವೇ ಗತಿಯಾದರೆ ಮೊದಲು ನಡೆದು ಕಲ್ಲು ಆರಿಸಿ.

ತೊಡೆಯ ಹಿಂಭಾಗದ ಬಗ್ಗೆ ನನಗೆ ನಿಜವಾಗಿ ಚಿಂತೆ ಇದೆ. ಹ್ಯಾಮ್‌ಸ್ಟ್ರಿಂಗ್, ಅಂದರೆ ಅಲ್ಲಿನ ಸ್ನಾಯು, ಹೆಚ್ಚಾಗಿ ಹರಿಯುವುದು ಕಾಲು ಮುಂದೆ ಚಾಚಿ ಇನ್ನೇನು ನೆಲ ಮುಟ್ಟಬೇಕು ಅನ್ನುವಾಗ, ಸ್ನಾಯು ಉದ್ದವಾಗುತ್ತಲೇ ಬಿಗಿ ಹಿಡಿಯಬೇಕಾದ ಕ್ಷಣದಲ್ಲಿ. ದಣಿದ ಕಾಲಿನಲ್ಲಿ, ಹೆಜ್ಜೆ ಬೇಕೆಂದೇ ಉದ್ದ ಹಾಕುವವರಲ್ಲಿ ಅಪಾಯ ಹೆಚ್ಚು. ಮಾರ್ಗ ನಾರ್ಡಿಕ್ ವ್ಯಾಯಾಮ: ಮಂಡಿಯೂರಿ, ಗೆಳೆಯ ಹಿಮ್ಮಡಿ ಅದುಮಿ ಹಿಡಿದಿರಲು, ಮೈ ನೆಟ್ಟಗಿಟ್ಟು ಎಷ್ಟು ನಿಧಾನವಾಗಿ ಆಗುತ್ತದೋ ಅಷ್ಟು ನಿಧಾನವಾಗಿ ಮುಂದಕ್ಕೆ ಬಾಗಿ. ಈಗಿನ ಹಿಡಿತ ಪೂರ್ತಿ ಬಿಟ್ಟ ಮೇಲೆ ಶುರು ಮಾಡಿ. ಮೊದಲ ವಾರ ಒಂದು ಸೆಟ್ಟಿಗೆ ಮೂರು ಸಲದಂತೆ ಎರಡು ಸೆಟ್, ಅಷ್ಟೇ. ಹೆಚ್ಚು ಮಾಡಿದರೆ ಮೂರು ದಿನ ಮೆಟ್ಟಿಲಿಳಿಯಲು ಆಗುವುದಿಲ್ಲ. ಆರನೇ ವಾರಕ್ಕೆ ಎಂಟರ ಮೂರು ಸೆಟ್, ವಾರಕ್ಕೆ ಎರಡು ದಿನ. ಕೂಟದ ವಾರ ಬೇಡ. ಓಡುವಾಗ ಚಟ್ ಅಂತ ಹೊಡೆದಂತಾದರೆ, ಮರುದಿನ ಕಪ್ಪುಗಟ್ಟಿದರೆ, ತಿಕ್ಕಿಸಿಕೊಳ್ಳಬೇಡಿ, ಎಳೆದು ಸ್ಟ್ರೆಚ್ ಮಾಡಬೇಡಿ. ವೈದ್ಯರ ಹತ್ತಿರ ಹೋಗಿ.

ಜೋರಿನ ದಿನ ವಾರ್ಮಪ್‌ಗೇ ಅರ್ಧ ಗಂಟೆ ಇಡಿ. ಎರಡು ಸುತ್ತು ಮೆಲ್ಲನೆ ಓಟ, ಕಾಲು ಬೀಸುವುದು, ಮೊಣಕಾಲು ಎತ್ತಿ ಚಿಮ್ಮುತ್ತ ಹೋಗುವ ಸ್ಕಿಪ್ಪಿಂಗ್ ಡ್ರಿಲ್, ಕೊನೆಗೆ 60 ಮೀಟರ್ ನಾಲ್ಕು ಸಲ, ಪ್ರತಿ ಸಲ ವೇಗ ಏರಿಸುತ್ತ. ಬಳ್ಳಾರಿಯ ಬಿಸಿಲು ಒಂದು 100 ಮೀಟರ್ ಓಟವನ್ನು ಕೆಡಿಸುವುದಿಲ್ಲ, ಬೆಚ್ಚಗಿನ ಸ್ನಾಯು ಚುರುಕಾಗಿಯೇ ಇರುತ್ತದೆ. ಕೆಡುವುದು ಎರಡು ಗಂಟೆಯ ಅಭ್ಯಾಸ. ಆದ್ದರಿಂದ ನಸುಕಿನಲ್ಲೇ ಶುರು ಮಾಡಿ. ಅಭ್ಯಾಸದ ಮೊದಲು ಮತ್ತು ನಂತರ ತೂಕ ನೋಡಿ, ಒಂದು ಕಿಲೋ ಇಳಿದಿದ್ದರೆ ಒಂದೂವರೆ ಲೀಟರಿನಷ್ಟನ್ನು ನಿಧಾನವಾಗಿ ಕುಡಿಯಿರಿ, ಉಪ್ಪು ಹಾಕಿದ ಮಜ್ಜಿಗೆಯೂ ಅದರಲ್ಲಿ ಸೇರಲಿ.

60 ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 95 ಗ್ರಾಂ ಪ್ರೋಟೀನ್ ಬೇಕು. ಒಂದು ತತ್ತಿಯಲ್ಲಿ 6, ನೂರು ಗ್ರಾಂ ಶೇಂಗಾದಲ್ಲಿ 25. ಬೇಳೆ, ಹಾಲು, ಮೊಸರು ಉಳಿದದ್ದನ್ನು ತುಂಬುತ್ತವೆ. ಜೋಳದ ರೊಟ್ಟಿ ಅಭ್ಯಾಸದ ದಿನಗಳಿಗೆ ಒಳ್ಳೆಯದು, ಓಟದ ಬೆಳಿಗ್ಗೆ ನಾರು ಹೊಟ್ಟೆಗೆ ಭಾರ. ಅವತ್ತು ಮೂರು ಗಂಟೆ ಮೊದಲು ಮೊಸರನ್ನ, ಬಾಳೆಹಣ್ಣು. ಜಿಮ್ಮಿನಲ್ಲಿ ಯಾರಾದರೂ ಚೀಟಿಯಿಲ್ಲದ ಪುಡಿ ಅಥವಾ ಇಂಜೆಕ್ಷನ್ ಕೊಟ್ಟರೆ ಮುಟ್ಟಬೇಡಿ. ಮೈಯಲ್ಲಿ ನಿಷೇಧಿತ ವಸ್ತು ಸಿಕ್ಕರೆ "ಗೊತ್ತಿರಲಿಲ್ಲ" ಅಂದರೆ ನಡೆಯುವುದಿಲ್ಲ, ಹೊಣೆ ಓಟಗಾರನದೇ.

ಕೊನೆಯ ಹತ್ತು ದಿನ ಓಟದ ಸಂಖ್ಯೆ ಅರ್ಧ ಮಾಡಿ, ವೇಗ ಇಳಿಸಬೇಡಿ. ಕೂಟದ ದಿನ ಹೀಟ್ಸ್ (ಫೈನಲಿಗೆ ಆರಿಸುವ ಸುತ್ತು), ಫೈನಲ್, ರಿಲೇ ಒಂದರ ಹಿಂದೊಂದು ಬರಬಹುದು. ಹೀಟ್ಸ್ ಆದೊಡನೆ ಸ್ಪೈಕ್ ಬಿಚ್ಚಿ, ನೆರಳಿಗೆ ಹೋಗಿ, ಗುಟುಕು ಗುಟುಕಾಗಿ ನೀರು, ಅರ್ಧ ಬಾಳೆಹಣ್ಣು. ಎರಡನೇ ವಾರ್ಮಪ್ ಹದಿನೈದು ನಿಮಿಷ ಸಾಕು: ವೇಗ ಏರಿಸುತ್ತ ಓಡುವ ಎರಡು ಸ್ಟ್ರೈಡ್, ಒಂದು ಸ್ಟಾರ್ಟ್. 2010ರಿಂದ ಅಂತರರಾಷ್ಟ್ರೀಯ ನಿಯಮದಲ್ಲಿ ಮೊದಲ ತಪ್ಪು ಸ್ಟಾರ್ಟಿಗೇ ಹೊರಗೆ, ಹಾಗಾಗಿ ಗುಂಡಿನ ಸದ್ದು ಊಹಿಸಬೇಡಿ, ಕೇಳಿ. 60 ಮೀಟರ್ ದಾಟಿದ ಮೇಲೆ ಎಲ್ಲರ ವೇಗವೂ ಇಳಿಯುತ್ತದೆ. ಆಗ ಹಲ್ಲು ಕಚ್ಚಿದರೆ ಭುಜ ಬಿಗಿದು ಇನ್ನೂ ಬೇಗ ಇಳಿಯುತ್ತದೆ, ದವಡೆ ಸಡಿಲ ಬಿಡಿ. ಗೆರೆ ಮುಟ್ಟುವುದು ಎದೆಯ ಲೆಕ್ಕ, ಕೊನೆಯ ಹೆಜ್ಜೆಯಲ್ಲಿ ಮಾತ್ರ ಬಾಗಿ.

ಒಂದು ಎಚ್ಚರಿಕೆ: ನಿಮ್ಮ ಕೈ ಸ್ಟಾಪ್‌ವಾಚಿನ 11.6 ಎಲೆಕ್ಟ್ರಾನಿಕ್ ಟೈಮಿಂಗ್‌ನಲ್ಲಿ 11.84ರ ಹತ್ತಿರ ಬರುತ್ತದೆ, ಕೈ ಲೆಕ್ಕಕ್ಕೆ 0.24 ಸೇರಿಸುವುದು ರೂಢಿ. ಕೂಟದ ಬೋರ್ಡಿನಲ್ಲಿ 11.7 ಕಂಡರೆ ಹಿಂದೆ ಬಿದ್ದೆ ಅಂದುಕೊಳ್ಳಬೇಡಿ, ಅದು ಇವತ್ತಿಗಿಂತ ವೇಗದ ಓಟ.