ಕೈತೋಟ ಪ್ರಶ್ನೋತ್ತರ: ಎರೆಮಣ್ಣಿನಲ್ಲಿ ಆಂಥೂರಿಯಂ

ಪ್ರಶ್ನೆ: ಕಳೆದ ಜನವರಿಯಲ್ಲಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋಗಿದ್ದಾಗ ನಾಲ್ಕು ಕೆಂಪು ಹೂಗಳಿದ್ದ ಆಂಥೂರಿಯಂ ಗಿಡವೊಂದನ್ನು ಕೊಂಡು ತಂದೆ. ಹೊಲದ ಎರೆಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ, ದೊಡ್ಡ ಕುಂಡದಲ್ಲಿ ನೆಟ್ಟು, ಪಡಸಾಲೆಯಲ್ಲಿ ಟಿವಿಯ ಪಕ್ಕ ಇಟ್ಟಿದ್ದೇನೆ. ದಿನವೂ ಒಂದು ಚೊಂಬು ಬೋರ್‌ವೆಲ್ ನೀರು ಹಾಕುತ್ತೇನೆ. ಇದ್ದ ಹೂಗಳು ಹಸಿರಾಗಿ ಬಾಡಿದವು, ಹೊಸ ಹೂ ಬರಲಿಲ್ಲ. ಬೇಸಿಗೆಯಿಂದೀಚೆಗೆ ಎಲೆಯ ಅಂಚು ಕಂದಿ ಒಣಗುತ್ತಿದೆ. ಮಾಳಿಗೆಯ ಮೇಲೆ ಬಿಸಿಲಿಗಿಡಿ ಎನ್ನುತ್ತಾರೆ ನೆರೆಮನೆಯವರು. ಏನು ಮಾಡಲಿ?
– ಓದುಗರೊಬ್ಬರು, ರಾಯಚೂರು

ಉತ್ತರ: ಮಾಳಿಗೆಗೆ ಮಾತ್ರ ಒಯ್ಯಬೇಡಿ. ದಾಸವಾಳಕ್ಕೆ ಒಗ್ಗುವ ಬಿಸಿಲು ಈ ಗಿಡದ ಎಲೆಯನ್ನು ಸುಟ್ಟುಬಿಡುತ್ತದೆ.

ಆಂಥೂರಿಯಂ ದಕ್ಷಿಣ ಅಮೆರಿಕದ ಕೊಲಂಬಿಯಾ, ಈಕ್ವೆಡಾರ್ ದೇಶಗಳ ಮಳೆಕಾಡಿನದು. ಅಲ್ಲಿ ಅದು ಹೆಚ್ಚಾಗಿ ಮರದ ಕವಲುಗಳನ್ನು ಹಿಡಿದುಕೊಂಡು, ಮೇಲಿನ ಎಲೆಗಳ ನೆರಳಿನಲ್ಲಿ, ತೇವ ತುಂಬಿದ ಗಾಳಿಗೆ ಬೇರು ಚಾಚಿ ಬೆಳೆಯುವುದರಿಂದ, ಅದರ ಬೇರಿಗೆ ನೀರು ಎಷ್ಟು ಬೇಕೋ ಗಾಳಿಯೂ ಅಷ್ಟೇ ಬೇಕು. ನಿಮ್ಮ ಎರೆಮಣ್ಣು ಹಿಂಗಾರಿ ಜೋಳಕ್ಕೂ ಕಡಲೆಗೂ ಬಂಗಾರ, ಏಕೆಂದರೆ ಮಳೆ ನಿಂತು ತಿಂಗಳುಗಳಾದರೂ ಅದು ತೇವವನ್ನು ಬಿಟ್ಟುಕೊಡುವುದಿಲ್ಲ. ಕುಂಡದೊಳಗೆ ಅದೇ ಗುಣ ಆಂಥೂರಿಯಂ ಬೇರನ್ನು ಉಸಿರುಗಟ್ಟಿಸುತ್ತದೆ, ಅದರ ಮೇಲೆ ದಿನಕ್ಕೊಂದು ಚೊಂಬು ನೀರು ಬಿದ್ದರೆ ಕೊಳೆಯುವುದಕ್ಕೆ ಬೇರೇನೂ ಬೇಕಾಗಿಲ್ಲ.

ಈಗ ಮಳೆಗಾಲದ ತಂಪು ಇರುವಾಗಲೇ ಗಿಡವನ್ನು ಕಿತ್ತು ನೋಡಿ. ಮೆತ್ತಗಾಗಿ ಕಂದಿದ ಬೇರುಗಳನ್ನು ಶುದ್ಧವಾದ ಕತ್ತರಿಯಿಂದ ತೆಗೆದು, ಗಟ್ಟಿಯಾಗಿ ಬೆಳ್ಳಗಿರುವುದನ್ನು ಉಳಿಸಿಕೊಳ್ಳಿ. ಮತ್ತೆ ನೆಡುವುದಕ್ಕೆ ತೆಂಗಿನ ಸಿಪ್ಪೆಯ ಚೂರು ಎರಡು ಪಾಲು, ಇದ್ದಿಲು ಒಂದು ಪಾಲು, ಇಟ್ಟಿಗೆ ಚೂರು ಒಂದು ಪಾಲು, ಜೊತೆಗೆ ಒಂದು ಹಿಡಿ ಎರೆಹುಳು ಗೊಬ್ಬರ ಸಾಕು, ಮಣ್ಣು ಬೇಡವೇ ಬೇಡ. ಸಿಪ್ಪೆಯ ಚೂರುಗಳನ್ನು ಮೊದಲು ಎರಡು ಮೂರು ದಿನ ನೆನೆಸಿಟ್ಟು, ನೀರು ಬದಲಿಸುತ್ತ ಅದರಲ್ಲಿರುವ ಉಪ್ಪನ್ನೂ ಒಗರನ್ನೂ ತೆಗೆಯಬೇಕು. ಬೇರಿನ ಗಡ್ಡೆ ಹಿಡಿಯುವಷ್ಟು ಸಣ್ಣ ಕುಂಡವೇ ಒಳ್ಳೆಯದು. ದೊಡ್ಡ ಕುಂಡ ಕೊಟ್ಟಿದ್ದು ಪ್ರೀತಿಯಿಂದಲೇ ಇರಬಹುದು, ಆದರೆ ಬೇರು ಮುಟ್ಟದ ಭಾಗದಲ್ಲಿ ನೀರು ನಿಂತೇ ಇರುತ್ತದೆ.

ಎಲೆಯಂಚು ಸುಡುವುದಕ್ಕೆ ಬೋರ್‌ವೆಲ್ ನೀರನ್ನು ನಾನು ಮೊದಲು ಶಂಕಿಸುತ್ತೇನೆ. ಕುಂಡದ ಬಾಯಂಚಿನಲ್ಲಿ ಬಿಳಿಯ ಪೊರೆ ಕಟ್ಟಿದ್ದರೆ ಅದು ನೀರಿನ ಉಪ್ಪು, ಅದೇ ಬೇರಿನ ಸುತ್ತಲೂ ಕೂಡಿರುತ್ತದೆ. ಮಳೆನೀರು ಹಿಡಿದಿಟ್ಟುಕೊಳ್ಳಿ, ಅದಿಲ್ಲದಿದ್ದರೆ ಆರ್‌ಒ ಯಂತ್ರದ ಕುಡಿಯುವ ನೀರನ್ನು ಹಾಕಿ. ಅದೇ ಯಂತ್ರ ಹೊರಗೆ ಬಿಡುವ ನೀರನ್ನು ಗಿಡಕ್ಕೆ ಹಾಕುವವರು ಬಹಳ ಜನರಿದ್ದಾರೆ. ಬಿಟ್ಟ ಉಪ್ಪೆಲ್ಲ ಸೇರಿರುವುದು ಆ ನೀರಿನಲ್ಲೇ ಎಂಬುದನ್ನು ಮರೆಯಬಾರದು. ದಿನಕ್ಕೊಂದು ಚೊಂಬು ಎಂಬ ಲೆಕ್ಕವನ್ನು ಬಿಟ್ಟು, ಬೆರಳನ್ನು ಒಂದು ಅಂಗುಲ ಇಳಿಸಿ, ಒಣಗಿದ್ದರೆ ಮಾತ್ರ ತಳದಿಂದ ಹರಿದುಹೋಗುವಷ್ಟು ನೀರು ಹಾಕಿ.

ಇನ್ನು ಹೂವಿನ ಮಾತು. ಕೆಂಪಗೆ ಹೊಳೆಯುವುದು ನಿಜವಾಗಿ ಹೂವಲ್ಲ, ಬಣ್ಣ ಪಡೆದ ಎಲೆ. ನಡುವಿನ ಕಡ್ಡಿಯ ಮೇಲೆ ಸಾಸಿವೆಗಿಂತ ಚಿಕ್ಕದಾಗಿ ಒತ್ತಾಗಿರುವವೇ ಹೂಗಳು. ಆ ಕೆಂಪು ಎಲೆ ಗಿಡದ ಮೇಲೆ ಆರೆಂಟು ವಾರ ಇದ್ದು ಕೊನೆಗೆ ಹಸಿರಾಗುವುದು ವಯಸ್ಸಿನಿಂದ, ರೋಗದಿಂದಲ್ಲ. ಪ್ರತಿ ಹೊಸ ಎಲೆಯ ಬುಡದಿಂದ ಒಂದು ಹೂ ಬರುವುದು ಈ ಗಿಡದ ಕ್ರಮವಾದ್ದರಿಂದ, ನೀವು ಮೊದಲು ಕಾಯಬೇಕಾದದ್ದು ಎಲೆಗಾಗಿ. ಟಿವಿಯ ಪಕ್ಕದ ಮಬ್ಬಿನಲ್ಲಿ ಎಲೆ ಬಂದರೂ ಹೂ ಬರುವುದು ಕಷ್ಟ. ಪೂರ್ವದ ಕಿಟಕಿಯ ಬಳಿ ತೆಳು ಪರದೆಯ ಹಿಂದೆ ಇಡಿ. ಹೊಸ ಎಲೆ ಕಂಡ ಮೇಲೆ 19:19:19 ಗೊಬ್ಬರವನ್ನು (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿನಲ್ಲಿರುವ, ನೀರಿನಲ್ಲಿ ಕರಗುವ ಗೊಬ್ಬರ) ಲೀಟರಿಗೆ 1 ಗ್ರಾಂನಂತೆ ಕರಗಿಸಿ, 15 ದಿನಕ್ಕೊಮ್ಮೆ ಕೊಡಬಹುದು.

ಮುಂದಿನ ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದಾಗ ಹೂವಿನ ಆಸೆ ಬಿಟ್ಟು ಎಲೆ ಉಳಿಸಿಕೊಂಡರೆ ಸಾಕು. ಕೂಲರ್ ಇರುವ ಕೋಣೆಯ ತೇವ ಒಳ್ಳೆಯದು, ಆದರೆ ಅದರ ಗಾಳಿ ನೇರವಾಗಿ ಬಡಿಯಬಾರದು. ಒಣ ಸೆಕೆಯಲ್ಲಿ ಎಲೆಯ ಕೆಳಗೆ ಜೇಡದ ಬಲೆಯಂಥ ಎಳೆ ಕಂಡರೆ ಅದು ನುಸಿ. ಒದ್ದೆ ಬಟ್ಟೆಯಿಂದ ಎಲೆಯ ಎರಡೂ ಬದಿಯನ್ನು ವಾರಕ್ಕೊಮ್ಮೆ ಒರೆಸಿದರೆ ಬಹಳಷ್ಟು ಹತೋಟಿಗೆ ಬರುತ್ತದೆ.

ಪ್ರಶ್ನೆ: ಅಂಬೆಗಾಲಿಡುವ ಮಗುವಿರುವ ಮನೆಯಲ್ಲಿ ಆಂಥೂರಿಯಂ ಇಡಬಹುದೇ?
– ಓದುಗರೊಬ್ಬರು, ಗಂಗಾವತಿ

ಉತ್ತರ: ಇದು ಕೆಸು, ಸುವರ್ಣಗಡ್ಡೆಗಳ ಕುಟುಂಬದ್ದು. ಹಸಿ ಸುವರ್ಣಗಡ್ಡೆ ಬಾಯಿ ತುರಿಸುವಂತೆ ಮಾಡುವ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಇದರಲ್ಲಿಯೂ ಇವೆ. ಎಲೆ ಅಗಿದರೆ ತುಟಿ, ನಾಲಿಗೆ ಉರಿದು ಊದಿಕೊಳ್ಳುತ್ತವೆ. ಹಾಗಾದರೆ ಬಾಯಿ ತೊಳೆದು ವೈದ್ಯರಿಗೆ ತೋರಿಸಿ. ಮಗು ನಿಂತು ಕೈ ಚಾಚಿದರೂ ಸಿಗದಷ್ಟು ಎತ್ತರದ ಕಿಟಕಿ ಕಟ್ಟೆಯಿದ್ದರೆ ಇಡಿ, ಇಲ್ಲವಾದರೆ ಎರಡು ವರ್ಷ ತಡೆಯಿರಿ.